ಹಳೇ ಡೋಜರ್: ಎಡಗಡೆ ಚೈನ್ ಪದೇ ಪದೇ ಬಿಟ್ಟುಹೋಗ್ತಿದೆ, ಎಲ್ಲಿಂದ ಹುಡುಕೋದು?

ಮಣ್ಣುಮಸಿ
ಎಲ್ಲರಿಗೂ ನಮಸ್ಕಾರ. ಗಾಡಿ ಕ್ಯಾಟರ್‌ಪಿಲ್ಲರ್ ಡಿ6ಸಿ ಡೋಜರ್, ವಯಸ್ಸಿನಲ್ಲಿ ನನಗಿಂತ ದೊಡ್ಡದು. ಒಂದೇ ತಿಂಗಳಲ್ಲಿ ಎರಡು ಸಲ ಎಡಗಡೆ ಚೈನ್ ಕಳಚಿಕೊಂಡಿದೆ. ಎರಡೂ ಸಲ ರಿವರ್ಸ್‌ನಲ್ಲಿ ತಿರುಗಿಸುವಾಗಲೇ. ಮೊದಲನೇ ಸಲ ಕಳಚಿದಾಗ ಸಡಿಲ ಇತ್ತು ಅಂದ್ಕೊಂಡು ಅಡ್ಜಸ್ಟರ್‌ಗೆ (ಗ್ರೀಸ್ ತುಂಬಿದಷ್ಟೂ ಚೈನ್ ಬಿಗಿ ಮಾಡೋ ಸಿಲಿಂಡರ್) ಗ್ರೀಸ್ ಹೊಡೆದು ತಂತಿ ಥರ ಬಿಗಿ ಮಾಡಿದೆ. ಹತ್ತು ದಿನ ಸುಮ್ಮನಿತ್ತು, ಆಮೇಲೆ ಮತ್ತೆ ಅದೇ ಕಥೆ.

ಗಮನಿಸಿದ್ದು ಇಷ್ಟು: ಎಡ ಸ್ಪ್ರಾಕೆಟ್ (ಚೈನ್ ಎಳೆಯೋ ಹಿಂದಿನ ಹಲ್ಲುಚಕ್ರ) ಹಲ್ಲುಗಳ ಒಳಮೈ, ಅಂದ್ರೆ ಗಾಡಿ ಕಡೆಯ ಮೈ, ಕನ್ನಡಿ ಥರ ಹೊಳೀತಿದೆ. ಬೆರಳಾಡಿಸಿದ್ರೆ ಮೆಟ್ಟಿಲು ಸಿಗುತ್ತೆ. ಬಲಗಡೆ ಹಾಗಿಲ್ಲ. ಮುಂದಕ್ಕೆ ಹೋಗುವಾಗ ಹಲ್ಲುಹಲ್ಲಿಗೂ ಕರ್ ಕರ್ ಶಬ್ದ. ಎಡ ಐಡ್ಲರ್ (ಚೈನ್ ಸುತ್ತಿ ಬರೋ ಮುಂದಿನ ಚಕ್ರ) ಕಳೆದ ವರ್ಷ ಹೊಸದು ಹಾಕಿಸಿದ್ದು, ಆವಾಗ ನಾನು ಊರಲ್ಲಿರಲಿಲ್ಲ. ಚೈನೇ ಬದಲಾಯಿಸು ಅಂತ ಒಬ್ಬ, ಅಡ್ಜಸ್ಟರ್ ಸಿಲಿಂಡರ್ ಹೋಗಿದೆ ಅಂತ ಇನ್ನೊಬ್ಬ. ದುಡ್ಡು ಸುರಿಯೋಕೆ ಮುಂಚೆ ನಿಮ್ಮನ್ನ ಕೇಳೋಣ ಅಂತ.

ಲಿವರ್‌ರಾಜ
ಚೈನ್ ಸಡಿಲ ಆಗಿದೆ. ಗ್ರೀಸ್ ಹೊಡಿ. ಮುಗೀತು.

ಮಣ್ಣುಮಸಿ
ಹೊಡೆದಾಯ್ತು ಅಂತ ಮೇಲೇ ಬರೆದಿದ್ದೀನಲ್ಲ ಮಾರಾಯ.

ಲಿವರ್‌ರಾಜ
ಇನ್ನೂ ಹೊಡಿ.

ಗ್ರೀಸುಗನ್
ದಯವಿಟ್ಟು ಹೊಡೀಬೇಡಿ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು. ಹಲ್ಲಿನ ಪಕ್ಕದ ಮೈ ಸವೆದಿದೆ ಅಂತ ಅವರು ಹೇಳ್ತಿದ್ದಾರೆ. ಸಡಿಲ ಚೈನ್ ಒಂದೇ ಪಕ್ಕವನ್ನ ಹುಡುಕಿಕೊಂಡು ಹೋಗಿ ಉಜ್ಜಲ್ಲ. ಬಿಗಿ ಮಾಡಿದಷ್ಟೂ ಲಿಂಕ್ ಸೇರಿಸೋ ಪಿನ್ನು, ಅದರ ಮೇಲಿನ ಕೊಳವೆ ಅಂದ್ರೆ ಬುಶ್ಶು, ಸ್ಪ್ರಾಕೆಟ್ಟು, ಐಡ್ಲರ್ ಬೇರಿಂಗು ಎಲ್ಲದಕ್ಕೂ ಹೊರೆ ಜಾಸ್ತಿ, ಎಂಜಿನ್ ಶಕ್ತಿಯೂ ಅಲ್ಲೇ ತಿನ್ನಿಸಿಕೊಳ್ಳುತ್ತೆ.

ಮೊದಲು ಇಳಿಬಿದ್ದಿರೋದು ಎಷ್ಟು ಅಂತ ನೋಡಿ. ಸಮ ನೆಲದಲ್ಲಿ ಸ್ವಲ್ಪ ದೂರ ಮುಂದಕ್ಕೆ ಓಡಿಸಿ, ಬ್ರೇಕ್ ಒತ್ತದೆ ತಾನಾಗೇ ನಿಲ್ಲೋಕೆ ಬಿಡಿ. ಐಡ್ಲರ್‌ನಿಂದ ಮುಂದಿನ ಕ್ಯಾರಿಯರ್ ರೋಲರ್‌ವರೆಗೆ (ಮೇಲಿನ ಚೈನ್ ಹೊರೋ ಉರುಳೆ) ಚೈನ್ ಮೇಲೆ ನೇರವಾದ ಪಟ್ಟಿ ಇಟ್ಟು, ಪಟ್ಟಿಯಿಂದ ಕೆಳಗೆ ಅತಿ ಆಳ ಇರೋ ಜಾಗ ಅಳೆಯಿರಿ. ಈ ಗಾತ್ರದ ಗಾಡಿಗಳಲ್ಲಿ ಸಾಮಾನ್ಯವಾಗಿ 25ರಿಂದ 40 ಮಿ.ಮೀ. ಆಸುಪಾಸು. ನಿಮ್ಮ ಗಾಡಿ ಪುಸ್ತಕದಲ್ಲಿ ಏನಿದೆಯೋ ಅದೇ ಕೊನೆ ಮಾತು. ಇನ್ನೊಂದು, ಕೆಸರಲ್ಲಿ ಕೆಲಸ ಮಾಡೋದಾದ್ರೆ ಕೆಸರು ತುಂಬಿರೋವಾಗಲೇ ಅಳೀಬೇಕು. ತೊಳೆದು ಅಳೆದು ಸರಿ ಮಾಡಿದ್ರೆ ಕೆಸರಿಗೆ ಇಳಿದ ಮೇಲೆ ಬಿಗಿಯಾಗಿಬಿಡುತ್ತೆ.

ಈಗ ಹೊಡೆದಿರೋ ಗ್ರೀಸ್ ಇಳಿಸುವಾಗ ಹುಷಾರು. ರಿಲೀಫ್ ವಾಲ್ವ್ ಒಂದು ಸುತ್ತಿಗಿಂತ ಜಾಸ್ತಿ ಬಿಚ್ಚಬೇಡಿ, ಮುಖ ಅದರ ಎದುರು ಇಡಬೇಡಿ. ಒಳಗಿರೋ ಒತ್ತಡಕ್ಕೆ ಗ್ರೀಸ್ ಚರ್ಮ ತೂರಿಕೊಂಡು ಒಳಗೆ ಹೋಗುತ್ತೆ. ಸೂಜಿಮೊನೆಯಷ್ಟು ಗಾಯ ಕಂಡ್ರೂ ತಡ ಮಾಡದೆ ಆಸ್ಪತ್ರೆಗೆ ಓಡಬೇಕು.

ರಾತ್ರಿಪಾಳಿ
ಮೇಲಿನವರ ಕೊನೇ ಮಾತನ್ನ ಎರಡು ಸಲ ಓದಿ. ಮತ್ತೆ ರಿಕಾಯ್ಲ್ ಸ್ಪ್ರಿಂಗ್ (ಐಡ್ಲರ್ ಹಿಂದಿನ ದೊಡ್ಡ ಸ್ಪ್ರಿಂಗ್) ತಂಟೆಗೆ ಯಾರೂ ಹೋಗಬೇಡಿ, ಟನ್‌ಗಟ್ಟಲೆ ಬಲ ಅದುಮಿ ಕೂರಿಸಿರ್ತಾರೆ. ಅದಕ್ಕೇ ಬೇರೆ ಸಲಕರಣೆ ಇರೋರ ಹತ್ರ ಕೊಡಬೇಕು.

ವಿಷಯಕ್ಕೆ ಬಂದ್ರೆ, ನನಗೆ ಆಪರೇಟರ್ ಮೇಲೇ ಅನುಮಾನ. ನಾನು ಎಂಟು ವರ್ಷ ಓಡಿಸಿದ ಗಾಡಿಯಲ್ಲಿ ಬಲಗಡೆ ಸ್ಪ್ರಾಕೆಟ್ ಮಾತ್ರ ಬೇಗ ಸವೀತಿತ್ತು. ಮೆಕ್ಯಾನಿಕ್ ಏನೇನೋ ಬಿಚ್ಚಿ ನೋಡಿದ. ಕೊನೆಗೆ ಗೊತ್ತಾಗಿದ್ದು ಏನಂದ್ರೆ, ನನಗೆ ಎಡ ಭುಜ ನೋವಿದ್ದರಿಂದ ನಾನು ಯಾವಾಗಲೂ ಒಂದೇ ಕಡೆಗೆ ತಿರುಗಿಸ್ತಿದ್ದೆ. ಇಳಿಜಾರಿಗೆ ಅಡ್ಡಲಾಗಿ ದಿನವಿಡೀ ಓಡಿಸೋರಿಗೂ ಹೀಗೇ ಆಗುತ್ತೆ, ಕೆಳಗಿನ ಚೈನ್ ಮೇಲೆ ಭಾರ ಬಿದ್ದು ಪಕ್ಕ ಉಜ್ಜುತ್ತೆ.

ಮಣ್ಣುಮಸಿ
ಆಪರೇಟರ್ ನಾನೇ ಸ್ವಾಮಿ. ಭುಜ ಚೆನ್ನಾಗಿದೆ. ಕೆಲಸ ಎಲ್ಲ ಸಮ ನೆಲದಲ್ಲೇ.

ಕಂಬಳಿಹುಳು
ವಿಷಯ ಬಿಟ್ಟು ಒಂದು ಮಾತು. ಹಿಂದುಗಡೆ ಸ್ಪ್ರಾಕೆಟ್ ನೆಲದ ಹತ್ರವೇ ಇರೋ ಹಳೇ ವಿನ್ಯಾಸ ಬಿಟ್ಟು, ಸ್ಪ್ರಾಕೆಟ್ಟನ್ನ ಮೇಲಕ್ಕೆತ್ತಿದ ತ್ರಿಕೋನ ಚೈನ್ ಗಾಡಿಗೆ ಹೋಗಿಬಿಡಿ. 1970ರ ದಶಕದ ಕೊನೆಗೆ ಡಿ10 ಜೊತೆ ಬಂತಲ್ಲ, ಅದು. ನೆಲದ ಪೆಟ್ಟು ಫೈನಲ್ ಡ್ರೈವ್‌ಗೆ (ಸ್ಪ್ರಾಕೆಟ್ ತಿರುಗಿಸೋ ಗೇರ್‌ಗಳು) ನೇರ ತಾಗಲ್ಲ.

ಹಳೇಕಬ್ಬಿಣ
ಹೌದು ಗುರೂ, ಕಾಲು ನೋವು ಅಂದವನಿಗೆ ಹೊಸ ಕಾಲು ಹಾಕಿಸ್ಕೋ ಅಂದ ಹಾಗಾಯ್ತು. ಆ ತ್ರಿಕೋನದಲ್ಲಿ ಐಡ್ಲರ್ ಎರಡೆರಡು, ಚೈನ್ ಇನ್ನೂ ಉದ್ದ, ಗೊತ್ತಲ್ಲ?

ಕಂಬಳಿಹುಳು
ಗೊತ್ತು. ಸುಮ್ಮನೆ ಹೇಳಿದೆ.

ಅಳತೆಗೋಲು
ಮಣ್ಣುಮಸಿಯವರೇ, ಏನನ್ನೂ ಬಿಚ್ಚದೆ ಮಾಡೋ ಒಂದು ಪರೀಕ್ಷೆ ಹೇಳ್ತೀನಿ. ಸಮ ನೆಲ, ಬ್ಲೇಡ್ ಎತ್ತಿ, ನೆಟ್ಟಗೆ ಹತ್ತು ಹದಿನೈದು ಮೀಟರ್ ಮುಂದಕ್ಕೆ ಹೋಗಿ. ಲಿವರ್ ಮುಟ್ಟಬೇಡಿ. ನಿಲ್ಲಿಸಿ, ಬ್ಲೇಡ್ ಇಳಿಸಿ, ಎಂಜಿನ್ ಆರಿಸಿ ಇಳಿದು ನೋಡಿ. ಕೆಳಗಿನ ರೋಲರ್‌ಗಳ ಫ್ಲೇಂಜಿಗೂ (ಅಂಚಿನ ಉಬ್ಬು) ಚೈನ್ ಲಿಂಕಿಗೂ ಇರೋ ಸಂದು ಒಳಗಡೆ ಎಷ್ಟು, ಹೊರಗಡೆ ಎಷ್ಟು? ಮುಂದೆ, ನಡುವೆ, ಹಿಂದೆ ಮೂರು ಕಡೆ ಬರ್ಕೊಳ್ಳಿ. ಆಮೇಲೆ ಅಷ್ಟೇ ದೂರ ರಿವರ್ಸ್ ಬಂದು ಮತ್ತೆ ಅದನ್ನೇ ನೋಡಿ.

ಮುಂದಕ್ಕೂ ಹಿಂದಕ್ಕೂ ಒಂದೇ ಪಕ್ಕಕ್ಕೆ ತಾಗ್ತಿದ್ರೆ ಯಾವುದೋ ಒಂದು ಭಾಗ ಪಕ್ಕಕ್ಕೆ ಸರಿದು ಕೂತಿದೆ. ಐಡ್ಲರ್ ಶಿಮ್ (ಸಂದು ತುಂಬೋ ತೆಳು ತಗಡು) ಇರಬಹುದು, ಕ್ಯಾರಿಯರ್ ರೋಲರ್ ಇರಬಹುದು. ಮುಂದಕ್ಕೆ ಹೋಗುವಾಗ ಒಂದು ಪಕ್ಕ, ರಿವರ್ಸ್‌ನಲ್ಲಿ ಇನ್ನೊಂದು ಪಕ್ಕ ತಾಗ್ತಿದ್ರೆ ರೋಲರ್, ಐಡ್ಲರ್ ಎಲ್ಲ ಕೂರೋ ಟ್ರ್ಯಾಕ್ ಫ್ರೇಮೇ ಓರೆಯಾಗಿದೆ.

ಯಾಕೆ ಅಂತ ಯೋಚನೆ ಮಾಡಿ. ಫ್ರೇಮಿನ ಮೂತಿ ಹೊರಕ್ಕೆ ತಿರುಗಿದೆ ಅಂತಿಟ್ಕೊಳ್ಳಿ. ಮುಂದಕ್ಕೆ ಹೋಗುವಾಗ ಐಡ್ಲರ್ ಚೈನನ್ನ ನೆಲದ ಮೇಲೆ ಹಾಸುತ್ತೆ. ಹಾಸಿದ ಚೈನ್ ನೆಲ ಕಚ್ಚಿಕೊಂಡು ಅಲ್ಲೇ ಇರುತ್ತೆ, ಅದರ ಮೇಲೆ ರೋಲರ್‌ಗಳು ಒಂದಾದ ಮೇಲೊಂದು ಹಾದುಹೋಗ್ತವೆ. ಹಿಂದಿನ ರೋಲರ್ ಮುಂದಿನದಕ್ಕಿಂತ ಒಳಗಿದೆಯಲ್ಲ, ಹಾಗಾಗಿ ಹಿಂದೆ ಹೋದಷ್ಟೂ ಚೈನ್ ಹೊರಕ್ಕೆ ಸರಿದ ಹಾಗೆ ಕಾಣುತ್ತೆ. ಸ್ಪ್ರಾಕೆಟ್ ತಲುಪುವಾಗ ಒಳಗಿನ ಲಿಂಕ್ ಬಂದು ಹಲ್ಲಿನ ಒಳಮೈಗೆ ಒರಗಿರುತ್ತೆ. ನಿಮ್ಮ ಹೊಳಪು ಇರೋದೂ ಅಲ್ಲೇ. ರಿವರ್ಸ್‌ನಲ್ಲಿ ಇದೆಲ್ಲ ಉಲ್ಟಾ.

ಹಳೇಕಬ್ಬಿಣ
ಅಳತೆಗೋಲು ಹೇಳಿದ್ದು ಸರಿ, ಆದ್ರೆ ನಾನಾಗಿದ್ರೆ ಮೊದಲು ಐಡ್ಲರ್ ಶಿಮ್ ನೋಡ್ತಿದ್ದೆ. "ಕಳೆದ ವರ್ಷ ಹಾಕಿದ್ದು, ನಾನಿರಲಿಲ್ಲ" ಅಂದ್ರಲ್ಲ, ಅಲ್ಲೇ ನನಗೆ ವಾಸನೆ ಬಂತು. ಐಡ್ಲರ್ ಎರಡೂ ಬದಿ ಗೈಡ್ ಪ್ಲೇಟು, ಅದರ ಹಿಂದೆ ಶಿಮ್. ಆತುರದಲ್ಲಿ ಕೆಲಸ ಮಾಡೋರು ಕೈಗೆ ಸಿಕ್ಕ ಶಿಮ್ಮನ್ನೆಲ್ಲ ಒಂದೇ ಬದಿಗೆ ತುರುಕಿ ಬೋಲ್ಟ್ ಬಿಗಿದು ಹೋಗ್ತಾರೆ. ಸಲಾಕೆ ಹಾಕಿ ಐಡ್ಲರ್ ಒಳಗೆ ಹೊರಗೆ ಮೀಟಿ ನೋಡಿ. ಒಟ್ಟು ಆಟ ಮೂರು ನಾಲ್ಕು ಮಿ.ಮೀ. ಬಂದ್ರೆ ಅದೇ ಜಾಸ್ತಿ.

ರೋಲರ್ ಜೋಡಿಸಿರೋ ಕ್ರಮವನ್ನೂ ನೋಡಿ. ಒಂಟಿ ಫ್ಲೇಂಜ್, ಜೋಡಿ ಫ್ಲೇಂಜ್ ಅಂತ ಎರಡು ಥರ ಇರುತ್ತೆ. ಸಾಮಾನ್ಯವಾಗಿ ಸ್ಪ್ರಾಕೆಟ್ ಪಕ್ಕ, ಐಡ್ಲರ್ ಪಕ್ಕ ಒಂಟಿ ಫ್ಲೇಂಜಿಂದು ಬರಬೇಕು. ಒಂದು ಗಾಡಿಯಲ್ಲಿ ನಾನೇ ಕಂಡಿದ್ದೀನಿ, ಸ್ಪ್ರಾಕೆಟ್ ಪಕ್ಕಕ್ಕೆ ಜೋಡಿ ಫ್ಲೇಂಜ್ ಹಾಕಿ ಕೂತಿದ್ರು. ಸ್ಪ್ರಾಕೆಟ್ ಒಂದು ಕಡೆ ಎಳೀತಿತ್ತು, ರೋಲರ್ ಇನ್ನೊಂದು ಕಡೆ ಹಿಡ್ಕೊಂಡಿತ್ತು, ನಡುವೆ ಲಿಂಕ್ ಸವೆದು ಚಾಕು ಆಗಿತ್ತು.

ಸುಮ್ನೆಓದುವವ
ರಿವರ್ಸ್‌ನಲ್ಲೇ ಯಾಕೆ ಕಳಚೋದು? ಮುಂದಕ್ಕೆ ಹೋಗುವಾಗ ಯಾಕಿಲ್ಲ? ಗೊತ್ತಿಲ್ಲದೆ ಕೇಳ್ತಿದ್ದೀನಿ.

ಗ್ರೀಸುಗನ್
ಸ್ಪ್ರಾಕೆಟ್ ಹಿಂದೆ ಇದೆ. ಮುಂದಕ್ಕೆ ಹೋಗುವಾಗ ಅದು ಕೆಳಗಿನ ಚೈನ್ ಎಳೆಯುತ್ತೆ, ಬಿಗಿ ಕೆಳಗೆ ಮಾತ್ರ, ಮೇಲೆ ಸಡಿಲ. ರಿವರ್ಸ್‌ನಲ್ಲಿ ಮೇಲಿನದನ್ನ ಎಳೆಯುತ್ತೆ. ಆ ಎಳೆತ ಮೇಲಿಂದ ಐಡ್ಲರ್ ಸುತ್ತಿ ಕೆಳಗೆ ಬರುತ್ತೆ. ಐಡ್ಲರ್ ಹಿಂದಕ್ಕೆ ಜಗ್ಗಿ ಸ್ಪ್ರಿಂಗ್ ಅದುಮುತ್ತೆ. ಅದರ ಮೇಲೆ ತಿರುಗಿಸಿದ್ರೆ ಪಕ್ಕದ ಬಲ ಬೇರೆ. ಐಡ್ಲರ್ ನೇರ ಇಲ್ಲ ಅಂದ್ರೆ ಅಲ್ಲೇ ಜಾರಿಬಿಡುತ್ತೆ. ಬುಶ್ಶು, ಸ್ಪ್ರಾಕೆಟ್ಟು ಸವೆಯೋದೂ ರಿವರ್ಸ್‌ನಲ್ಲೇ ಜಾಸ್ತಿ. ಅದಕ್ಕೇ ಸುಮ್ಮಸುಮ್ಮನೆ ವೇಗವಾಗಿ ರಿವರ್ಸ್ ಓಡಿಸಬೇಡಿ ಅನ್ನೋದು.

ಸುಮ್ನೆಓದುವವ
ಈಗ ಅರ್ಥ ಆಯ್ತು. ಥ್ಯಾಂಕ್ಸ್ ಅಣ್ಣ.

ಮಣ್ಣುಮಸಿ
ಪರೀಕ್ಷೆ ಮಾಡಿದೆ. ಗ್ರೀಸ್ ಇಳಿಸಿ 35 ಮಿ.ಮೀ. ಇಳಿಬೀಳೋ ಹಾಗೆ ಮಾಡ್ಕೊಂಡೇ ಓಡಿಸಿದ್ದು. ಮುಂದಕ್ಕೆ ಹೋದಾಗ ಹಿಂದಿನ ಎರಡು ರೋಲರ್‌ಗಳ ಹೊರ ಫ್ಲೇಂಜಿಗೆ ಲಿಂಕ್ ಅಂಟಿಕೊಂಡಿತ್ತು, ಹಾಳೆ ತೂರಿಸೋಕೂ ಜಾಗ ಇಲ್ಲ. ರಿವರ್ಸ್ ಬಂದಾಗ ಮುಂದಿನ ರೋಲರಲ್ಲಿ ಉಲ್ಟಾ, ಒಳಕ್ಕೆ ಸರಿದಿತ್ತು. ಐಡ್ಲರ್ ನಡುವಿನ ಉಬ್ಬಿನ ಹೊರಮೈಯಲ್ಲೂ ಹೊಳಪಿದೆ, ಅದನ್ನ ನಾನು ಮುಂಚೆ ನೋಡೇ ಇರಲಿಲ್ಲ.

ಹಳೇಕಬ್ಬಿಣ ಅವರೇ, ನಿಮ್ಮ ಮೂಗಿಗೆ ನಮಸ್ಕಾರ. ಗೈಡ್ ಪ್ಲೇಟ್ ಬಿಚ್ಚಿದ್ರೆ ಒಳಬದಿಯಲ್ಲಿ ಮೂರು ಶಿಮ್, ಹೊರಬದಿಯಲ್ಲಿ ಸೊನ್ನೆ.

ಹಳೇಕಬ್ಬಿಣ
ನಾನು ಹೇಳಿರಲಿಲ್ವಾ! ಶಿಮ್ ಹಂಚಿ ಹಾಕಿ, ಕೆಲಸ ಆಯ್ತು.

ಅಳತೆಗೋಲು
ಆಗಲಿಲ್ಲ ಸರ್. ಶಿಮ್ ತಪ್ಪಿದ್ರೆ ಐಡ್ಲರ್ ಮತ್ತು ಮುಂದಿನ ಒಂದೆರಡು ರೋಲರ್ ಪಕ್ಕ ಸವೀಬೇಕು, ಅದೂ ಎರಡೂ ದಿಕ್ಕಲ್ಲಿ ಒಂದೇ ಪಕ್ಕ. ಇಲ್ಲಿ ದಿಕ್ಕು ಬದಲಾದ್ರೆ ಪಕ್ಕ ಬದಲಾಗ್ತಿದೆ. ಸ್ಪ್ರಾಕೆಟ್ ಹಲ್ಲಿನ ಒಳಮೈ ಇಷ್ಟು ಸವೆಯೋಕೆ ಮುಂದಿರೋ ಮೂರು ಶಿಮ್ ಸಾಲಲ್ಲ. ಶಿಮ್ ಒಂದು ತಪ್ಪು, ನಿಜ. ಅದರ ಹಿಂದೆ ಇನ್ನೊಂದಿದೆ.

ಹಳೇಕಬ್ಬಿಣ
ಪುಸ್ತಕದ ಮಾತು. ನಾನು ಇಪ್ಪತ್ತು ಐಡ್ಲರ್ ಶಿಮ್ ಹಾಕಿಯೇ ಸರಿ ಮಾಡಿದ್ದೀನಿ.

ಅಳತೆಗೋಲು
ಜಗಳ ಯಾಕೆ, ದಾರ ಹಿಡಿಯೋಣ. ಎರಡೂ ಸ್ಪ್ರಾಕೆಟ್‌ಗಳ ಹಲ್ಲಿನ ನಡುವಿನಿಂದ ನಡುವಿಗೆ ಎಷ್ಟು, ಎರಡೂ ಐಡ್ಲರ್‌ಗಳ ಉಬ್ಬಿನ ನಡುವಿನಿಂದ ನಡುವಿಗೆ ಎಷ್ಟು, ಅಳೆಯಿರಿ. ಅದಕ್ಕೆ ಮುಂಚೆ ಶಿಮ್ ಸಮ ಹಂಚಿರಬೇಕು. ಟೇಪು ಅಡ್ಡ ಸಿಕ್ಕಿಕೊಳ್ಳುತ್ತೆ, ಹಾಗಾಗಿ ತೂಗುಗುಂಡು ಬಿಟ್ಟು ನೆಲದ ಮೇಲೆ ಗುರುತು ಹಾಕಿಕೊಂಡು ಅಳೆಯೋದು ವಾಸಿ. ಈ ಅಳತೆಯಿಂದ ಯಾವ ಕಡೆಯ ಫ್ರೇಮ್ ಓರೆ ಅಂತ ಗೊತ್ತಾಗಲ್ಲ. ಅದಕ್ಕೆ ಹಿಂದೆ ಡ್ರಾಬಾರ್ ಪಿನ್ನಿನ ನಡುವಿನಿಂದ ಮುಂದೆ ಎಂಜಿನ್ ಗಾರ್ಡಿನ ನಡುವಿಗೆ ನೆಲದ ಮೇಲೆ ಒಂದು ದಾರ ಎಳೆದು, ಅಲ್ಲಿಂದ ಎಡಕ್ಕೆಷ್ಟು ಬಲಕ್ಕೆಷ್ಟು ನೋಡಿ.

ಮೂಲೆವೆಲ್ಡರ್
ಇಷ್ಟೆಲ್ಲ ಯಾಕೆ. ಡಯಾಗನಲ್ ಬ್ರೇಸ್ (ಟ್ರ್ಯಾಕ್ ಫ್ರೇಮನ್ನ ನೇರ ಹಿಡಿಯೋ ಓರೆ ತೋಳು) ಬಾಗಿರುತ್ತೆ. ಗ್ಯಾಸ್ ಕಟ್ಟರ್‌ನಲ್ಲಿ ಕೆಂಪಗೆ ಕಾಯಿಸಿ ಜಾಕ್ ಕೊಟ್ಟು ಎಳೆದ್ರೆ ನೇರ ಆಗುತ್ತೆ. ಅರ್ಧ ದಿನದ ಕೆಲಸ.

ಗ್ರೀಸುಗನ್
ಅಳೆಯದೆ ಕಾಯಿಸಿ ಎಳೆದು ಎಲ್ಲಿ ನಿಲ್ಲಿಸ್ತೀರಿ ಅಣ್ಣ? ಬ್ರೇಸ್ ನೇರವೇ ಇದ್ದು ಬೇರಿಂಗ್ ಹೋಗಿದ್ರೆ, ನೇರ ಇದ್ದದ್ದನ್ನ ಬಗ್ಗಿಸಿದ ಹಾಗಾಗುತ್ತೆ.

ಮೂಲೆವೆಲ್ಡರ್
ಕಣ್ಣಳತೆ ಸಾಕು. ಮೂವತ್ತು ವರ್ಷ ಅದನ್ನೇ ಮಾಡಿದ್ದೀನಿ.

ರಾತ್ರಿಪಾಳಿ
ಕಣ್ಣಳತೆಯಲ್ಲಿ ಐಡ್ಲರ್ ಹಾಕಿದವರ ಮೂರು ಶಿಮ್ಮನ್ನ ಈಗ ತಾನೇ ನೋಡಿದ್ವಲ್ಲ 😄

ಕಂಬಳಿಹುಳು
ಕ್ಯಾಟರ್‌ಪಿಲ್ಲರ್ ಅನ್ನೋ ಹೆಸರು ಬಂದಿದ್ದು ಹುಳದಿಂದಲೇ ಅಂತ ಗೊತ್ತಾ? 1904ರ ನವೆಂಬರಲ್ಲಿ ಬೆಂಜಮಿನ್ ಹೋಲ್ಟ್ ಚೈನ್ ಹಾಕಿದ ಸ್ಟೀಮ್ ಟ್ರ್ಯಾಕ್ಟರ್ ಪರೀಕ್ಷೆ ಮಾಡಿದ. ಗಾಲಿ ಹೂತುಹೋಗೋ ಮೆತ್ತನೆ ನೆಲಕ್ಕೆ ಅಂತಲೇ ಮಾಡಿದ್ದು. ಕಂಬಳಿಹುಳು ತೆವಳಿದ ಹಾಗಿದೆ ಅಂತ ನೋಡಿದವರು ಅಂದ ಮಾತೇ ಹೆಸರಾಯ್ತು. ನನ್ನ ಹೆಸರೂ ಅಲ್ಲಿಂದಲೇ ಕದ್ದಿದ್ದು.

ಲಿವರ್‌ರಾಜ
ಆ ಹುಳಕ್ಕೂ ಗ್ರೀಸ್ ಹೊಡೀತಿದ್ರು.

ಮಣ್ಣುಮಸಿ
ಅಳತೆ ಬಂತು. ಒಬ್ಬನೇ ಮಾಡೋಕಾಗಲಿಲ್ಲ, ಮಗನನ್ನ ಕರ್ಕೊಂಡು ಒಂದು ಬೆಳಗ್ಗೆ ಪೂರ್ತಿ ಕೂತೆ. ದಾರ ಗಾಳಿಗೆ ಅಲ್ಲಾಡಿ ಎರಡು ಸಲ ಮತ್ತೆ ಅಳೆಯಬೇಕಾಯ್ತು.

ಹಿಂದೆ ಸ್ಪ್ರಾಕೆಟ್ ನಡುವಿನಿಂದ ನಡುವಿಗೆ 1880 ಮಿ.ಮೀ., ಪುಸ್ತಕದಲ್ಲಿರೋದೂ ಅದೇ. ಮುಂದೆ ಐಡ್ಲರ್‌ಗಳ ನಡುವೆ 1896. ನಡುದಾರದಿಂದ ಬಲ ಐಡ್ಲರ್‌ಗೆ 943, ಎಡ ಐಡ್ಲರ್‌ಗೆ 953. ಅಂದ್ರೆ ಇರಬೇಕಾದ 940ಕ್ಕೆ ಬಲಗಡೆ ಬರೀ 3, ಎಡಗಡೆ 13 ಹೊರಕ್ಕೆ.

ಅಳತೆಗೋಲು
ಸಿಕ್ತು. ಎಡ ಫ್ರೇಮಿನ ಮೂತಿ ಹೊರಕ್ಕೆ. ಈಗ ಬ್ರೇಸ್ ಬಾಗಿದೆಯೋ, ಬೇರಿಂಗ್ ಸವೆದಿದೆಯೋ ಅಂತ ನೋಡಿ. ಎಡಗಡೆ ಜಾಕ್ ಕೊಟ್ಟು ಚೈನ್ ನೆಲ ಬಿಡೋ ಹಾಗೆ ಎತ್ತಿ, ಕೆಳಗೆ ಗಟ್ಟಿಯಾಗಿ ದಿಮ್ಮಿ ಕೊಡಿ, ಬರೀ ಜಾಕ್ ನಂಬಬೇಡಿ. ಫ್ರೇಮಿನ ಮೂತಿಗೆ ಉದ್ದದ ಸಲಾಕೆ ಹಾಕಿ ಒಳಗೆ ಹೊರಗೆ ಮೀಟಿ. ಒಬ್ಬರು ಹಿಂದೆ ಬ್ರೇಸ್ ಬೇರಿಂಗ್ ಕ್ಯಾಪ್ ಹತ್ರ ಕೈ ಇಟ್ಕೊಂಡು ಅಲ್ಲಾಟ ಗೊತ್ತಾಗುತ್ತಾ ನೋಡಲಿ. ಸ್ಪ್ರಾಕೆಟ್ ಶಾಫ್ಟಿನ ಹೊರತುದಿ ಬೇರಿಂಗನ್ನೂ ಹಾಗೇ ನೋಡಿ. ಸ್ಪ್ರಾಕೆಟ್ಟನ್ನೇ ಮೀಟಿದಾಗ ಅದು ತಲೆ ಆಡಿಸಿದ್ರೆ ಫೈನಲ್ ಡ್ರೈವ್ ಬೇರಿಂಗ್ ಕಥೆ, ಅದು ಬೇರೆ.

ಒಂದು ಲೆಕ್ಕ: ಆ ಎರಡು ಬೇರಿಂಗ್‌ಗಳ ನಡುವಿನ ಅಂತರಕ್ಕಿಂತ ಐಡ್ಲರ್‌ವರೆಗಿನ ದೂರ ಹಲವು ಪಟ್ಟು ಜಾಸ್ತಿ. ಹಾಗಾಗಿ ಹಿಂದೆ ಮೂರು ಮಿ.ಮೀ. ಆಟ ಇದ್ರೆ ಮುಂದೆ ಹತ್ತು ದಾಟಿ ಕಾಣುತ್ತೆ.

ಮಣ್ಣುಮಸಿ
ಬಿಚ್ಚಿದೆ. ಬ್ರೇಸ್ ನೇರವಾಗೇ ಇದೆ, ಪಟ್ಟಿ ಇಟ್ಟು ನೋಡಿದೆ. ಹೋಗಿರೋದು ಅದರ ಬೇರಿಂಗು. ಕ್ಯಾಪಿನ ನಾಲ್ಕು ಬೋಲ್ಟಲ್ಲಿ ಎರಡು ಕೈಯಲ್ಲೇ ತಿರುಗಿದ್ವು. ಕ್ಯಾಪ್ ತೆಗೆದ್ರೆ ಒಳಗಿನ ಬುಶ್ ದುಂಡಗಿಲ್ಲ, ಮೊಟ್ಟೆ ಆಕಾರ. ಮುಂದಿನ ಅಂಚು ಇದ್ದ ಹಾಗೇ ಇದೆ, ಹಿಂದಿನ ಅಂಚು ರಟ್ಟಿನಷ್ಟು ತೆಳ್ಳಗಾಗಿ ಬೆರಳಲ್ಲಿ ಒತ್ತಿದ್ರೆ ಬಾಗುತ್ತೆ. ಗ್ರೀಸ್ ದಾರಿಯಲ್ಲಿ ಒಣ ಮಣ್ಣು ಕೂತು ಇಟ್ಟಿಗೆ ಆಗಿತ್ತು. ಅಡ್ಜಸ್ಟರ್‌ಗೆ ಅಷ್ಟೊಂದು ಗ್ರೀಸ್ ಹೊಡೆದ ನಾನು ಈ ಬೇರಿಂಗಿನ ಗ್ರೀಸ್ ಮೂತಿಗೆ ಎಷ್ಟು ವರ್ಷದಿಂದ ಒಂದು ತೊಟ್ಟೂ ಕೊಟ್ಟಿಲ್ಲವೋ.

ಹಳೇಕಬ್ಬಿಣ
ಸರಿ, ಅಳತೆಗೋಲು ಗೆದ್ದರು. ಆದ್ರೂ ಶಿಮ್ ತಪ್ಪಿತ್ತು ಅನ್ನೋದನ್ನ ಮರೀಬೇಡಿ.

ಮೂಲೆವೆಲ್ಡರ್
ಬ್ರೇಸ್ ನೇರ ಇತ್ತಾ? ಸರಿ ಬಿಡಿ. ಕ್ಯಾಪ್ ಕೂರೋ ಜಾಗ ಸವೆದಿದ್ರೆ ತುಂಬಿಸಿ ಬೋರಿಂಗ್ ಮಾಡಿಸಿ, ಬರೀ ಹೊಸ ಬುಶ್ ಹಾಕಿದ್ರೆ ಆರು ತಿಂಗಳಿಗೆ ಮತ್ತೆ ಬರುತ್ತೆ. ಇದು ಕಣ್ಣಳತೆ ಕೆಲಸ ಅಲ್ಲ, ಲೇತ್ ಇರೋರ ಹತ್ರ ಹೋಗಿ.

ರಾತ್ರಿಪಾಳಿ
ಸ್ಪ್ರಾಕೆಟ್ ಏನ್ಮಾಡ್ತೀರಿ? ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ರೆ ಇನ್ನೊಂದಷ್ಟು ದಿನ ಬರುತ್ತೆ.

ಗ್ರೀಸುಗನ್
ಅದಲುಬದಲು ಮಾಡಿದ್ರೆ ಹಲ್ಲಿನ ಮುಂದಿನ ಮೈ, ಹಿಂದಿನ ಮೈ ಬದಲಾಗುತ್ತೆ, ನಿಜ. ಆದ್ರೆ ಒಳಮೈ ಒಳಮೈಯಾಗೇ ಉಳಿಯುತ್ತೆ, ಹಬ್ ಒಳಗಡೆಗೇ ತಾನೇ ಕೂರೋದು. ಅವರ ಸವೆತ ಇರೋದು ಪಕ್ಕದಲ್ಲಿ. ಅದೂ ಈ ಹಳೇ ಗಾಡಿಯಲ್ಲಿ ಸ್ಪ್ರಾಕೆಟ್ ಎಳೆಯೋಕೆ ಹತ್ತಾರು ಟನ್ನಿನ ಪುಲ್ಲರ್ ಬೇಕು. ಹಾಗೇ ಬಿಡಿ. ಹಲ್ಲಿನ ತುದಿ ಚೂಪಾಗಿಲ್ಲ ಅಂದ್ರೆ ಓಡುತ್ತೆ.

ಚೈನ್ ಸವೆದು ಎಷ್ಟು ಉದ್ದ ಆಗಿದೆ ನೋಡಿದ್ರಾ? ಚೈನ್ ಬಿಗಿಯಾಗಿ ನಿಲ್ಲೋ ಹಾಗೆ ಮಾಡಿ, ಮಾಸ್ಟರ್ ಪಿನ್ (ಚೈನ್ ಬಿಚ್ಚೋ ಪಿನ್) ಬಿಟ್ಟು ಬೇರೆ ಕಡೆ, ನಾಲ್ಕು ಲಿಂಕಿನ ಉದ್ದ ಪಿನ್ನಿಂದ ಪಿನ್ನಿಗೆ ಅಳೆಯಿರಿ. 203 ಮಿ.ಮೀ. ಪಿಚ್ (ಒಂದು ಪಿನ್ನಿಂದ ಮುಂದಿನ ಪಿನ್ನಿಗೆ ದೂರ) ಆದ್ರೆ ಹೊಸದರಲ್ಲಿ 812 ಚಿಲ್ಲರೆ ಇರಬೇಕು.

ಮಣ್ಣುಮಸಿ
819 ಬಂತು.

ಗ್ರೀಸುಗನ್
ಹಾಗಾದ್ರೆ ಚೈನ್ ಎಸೆಯೋ ಮಾತೇ ಇಲ್ಲ. ಬುಶ್ ಹೊರಮೈ ಎಷ್ಟು ಸವೆದಿದೆ ಅಂತಲೂ ನೋಡ್ಕೊಳ್ಳಿ. ಮಿತಿ ದಾಟೋಕೆ ಮುಂಚೆ ಪಿನ್ನು ಬುಶ್ಶು ಅರ್ಧ ಸುತ್ತು ತಿರುಗಿಸಿ ಹಾಕಿಸಿದ್ರೆ ಸವೆಯದ ಮೈ ಸ್ಪ್ರಾಕೆಟ್ ಕಡೆ ಬರುತ್ತೆ. ತಡ ಮಾಡಿ ಬುಶ್ ಬಿರುಕು ಬಿಟ್ಟ ಮೇಲೆ ತಿರುಗಿಸಿ ಉಪಯೋಗ ಇಲ್ಲ.

ಸುಮ್ನೆಓದುವವ
ಸ್ಪ್ರಾಕೆಟ್ ಹಲ್ಲು ಎಣಿಸಿದೆ, ನಮ್ಮ ಗಾಡಿಯಲ್ಲಿ ಬೆಸ ಸಂಖ್ಯೆ ಬಂತು. ತಪ್ಪು ಎಣಿಸಿದ್ನಾ?

ಅಳತೆಗೋಲು
ಸರಿಯಾಗೇ ಎಣಿಸಿದ್ದೀರಿ. ಬುಶ್ ಕೂರೋದು ಒಂದು ಬಿಟ್ಟು ಒಂದು ಹಲ್ಲಿನ ಸಂದಿಯಲ್ಲಿ. ಸಂಖ್ಯೆ ಬೆಸ ಆದ್ರೆ ಒಂದು ಸುತ್ತಲ್ಲಿ ಬಿಟ್ಟುಹೋದದ್ದು ಮುಂದಿನ ಸುತ್ತಲ್ಲಿ ಸಿಗುತ್ತೆ, ಎಲ್ಲ ಹಲ್ಲೂ ಸಮ ಸವೀತವೆ.

ಮಣ್ಣುಮಸಿ
ಮೂರು ವಾರ ಬಿಟ್ಟು ಬರೀತಿದ್ದೀನಿ. ಕ್ಯಾಪ್ ಕೂರೋ ಜಾಗ ತುಂಬಿಸಿ ಬೋರಿಂಗ್ ಮಾಡಿಸಿದೆ, ಹೊಸ ಬುಶ್, ಹೊಸ ಬೋಲ್ಟ್, ಶಿಮ್ ಎರಡೂ ಬದಿಗೆ ಹಂಚಿದ್ದು. ಈಗ ಮುಂದೆ 1884 ಬರ್ತಿದೆ, ಎಡಗಡೆ 941. ಚೈನ್ ಒಂದು ಸಲವೂ ಬಿಟ್ಟಿಲ್ಲ. ಬೇಕಂತಲೇ ರಿವರ್ಸ್‌ನಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದೆ. ಕರ್ ಕರ್ ಪೂರ್ತಿ ಹೋಗಿಲ್ಲ, ಹಲ್ಲಿನ ಮೆಟ್ಟಿಲು ಹಾಗೇ ಇದೆಯಲ್ಲ, ಆದ್ರೆ ಕಿವಿಗೆ ಬಟ್ಟೆ ಸುತ್ತಿಕೊಳ್ಳೋ ಹಾಗಿಲ್ಲ.

ಬಲಗಡೆ ಮುಂದಿನ ಕ್ಯಾರಿಯರ್ ರೋಲರ್‌ನಿಂದ ಎಣ್ಣೆ ಜಿನುಗೋಕೆ ಶುರುವಾಗಿದೆ. ಕೈಯಲ್ಲಿ ತಿರುಗಿಸಿದ್ರೆ ಒಂದು ಕಡೆ ಹಿಡಿಯುತ್ತೆ.

ಹಳೇಕಬ್ಬಿಣ
ಅದು ನಿಂತುಬಿಟ್ರೆ ಚೈನ್ ಅದರ ಮೇಲೆ ಉಜ್ಜಿ ಒಂದು ಕಡೆ ಚಪ್ಪಟೆ ಆಗುತ್ತೆ, ಬೇಗ ಬಿಚ್ಚಿ ಸೀಲ್ ನೋಡಿ. ವಾಪಸ್ ಕೂರಿಸುವಾಗ ಬ್ರಾಕೆಟ್ ಕ್ಲಾಂಪಲ್ಲಿ ಶಾಫ್ಟ್ ಒಳಗೆ ಹೊರಗೆ ಸರಿಯುತ್ತೆ, ಚೈನ್ ನಡುವಿಗೆ ಬರೋ ಹಾಗೆ ನೋಡ್ಕೊಂಡು ಬಿಗೀರಿ.

ಲಿವರ್‌ರಾಜ
ಗ್ರೀಸ್ ಹೊಡಿ.